ಹುಟ್ಟಿನಿಂದ ಸೊಟ್ಟಗಿರುವ ಪಾದ: ಈ ವಯಸ್ಸಲ್ಲಿ ರಿಂಗ್ ಹಾಕಿಸಬಹುದಾ?

ಎಡಗಾಲು:
ನನಗೆ 34 ವರ್ಷ. ಹುಟ್ಟಿನಿಂದಲೇ ಎಡಪಾದ ಒಳಕ್ಕೆ ತಿರುಗಿದೆ. ಹಿಮ್ಮಡಿ ನೆಲ ಮುಟ್ಟುವುದಿಲ್ಲ, ಪಾದದ ಹೊರ ಅಂಚಿನ ಮೇಲೇ ನಡೆಯುತ್ತೇನೆ. ಅಲ್ಲಿ ಆಣಿಯಾಗಿ, ಈಗ ಅದು ಆಗಾಗ ಒಡೆದು ಹುಣ್ಣಾಗುತ್ತಿದೆ. ಒಬ್ಬ ಡಾಕ್ಟರ್ ಒಂದೇ ಆಪರೇಷನ್‌ನಲ್ಲಿ ಮೂಳೆ ಕತ್ತರಿಸಿ, ಕೀಲು ಅಲುಗದಂತೆ ಕೂಡಿಸೋಣ ಅಂದರು. ಇನ್ನೊಬ್ಬರು ಕಾಲಿನ ಸುತ್ತ ಲೋಹದ ರಿಂಗ್ ಹಾಕಿ, ತಂತಿಗಳಿಂದ ಮೂಳೆಗೆ ಬಿಗಿದು, ಪಾದವನ್ನು ನಿಧಾನವಾಗಿ ತಿರುಗಿಸೋಣ ಅಂದರು. ಹಾಕಿಸಿಕೊಂಡವರು ಯಾರಾದರೂ ಇದ್ದೀರಾ?

ರಿಂಗಿನವಳು:
ನಾನು ಹಾಕಿಸಿಕೊಂಡಿದ್ದೇನೆ, ಬಲಗಾಲಿಗೆ. ಇಲಿಜಾರೊವ್ ರಿಂಗ್. ಸೈಬೀರಿಯಾದ ಕುರ್ಗಾನ್‌ನಲ್ಲಿ ಗವ್ರೀಲ್ ಇಲಿಜಾರೊವ್ ಅನ್ನುವ ಡಾಕ್ಟರ್ 1950ರ ದಶಕದಲ್ಲಿ ಬೆಳೆಸಿದ ವಿಧಾನ ಇದು.

ನಿಧಾನ ಯಾಕೆ ಅಂತ ನನ್ನ ಸರ್ಜನ್ ಚೆನ್ನಾಗಿ ಬಿಡಿಸಿ ಹೇಳಿದರು. ಇಷ್ಟು ವರ್ಷ ಮುದುರಿಕೊಂಡೇ ಇದ್ದ ಒಳಬದಿಯ ಚರ್ಮ, ನರ, ರಕ್ತನಾಳ ಎಲ್ಲ ಗಿಡ್ಡವಾಗಿರುತ್ತವೆ. ಒಮ್ಮೆಲೇ ಎಳೆದು ನೇರ ಮಾಡಿದರೆ ಪಾದಕ್ಕೆ ರಕ್ತ ಹೋಗುವುದೇ ಕಷ್ಟವಾಗಬಹುದು, ಹೊಲಿಗೆ ಬಿಟ್ಟುಕೊಳ್ಳಬಹುದು. ಹಾಗಾಗದಿರಲು ಮೂಳೆಯನ್ನೇ ಜಾಸ್ತಿ ತೆಗೆದರೆ ಪಾದ ಗಿಡ್ಡವಾಗುತ್ತದೆ. ರಿಂಗ್‌ನಲ್ಲಿ ದಿನಕ್ಕೆ ಸುಮಾರು 1 ಮಿಲಿಮೀಟರ್, ಅದನ್ನೂ 4 ಸಲಕ್ಕೆ ಹಂಚಿ ನಟ್ ತಿರುಗಿಸುತ್ತೀರಿ. ಮೈ ಅಷ್ಟಕ್ಕೆ ಹೊಂದಿಕೊಳ್ಳುತ್ತದೆ.

ಸುಲಭ ಅಂತ ಮಾತ್ರ ಹೇಳಲಾರೆ. ರಾತ್ರಿ ಮಗ್ಗುಲು ಬದಲಿಸುವುದೇ ದೊಡ್ಡ ಕೆಲಸ. ತಂತಿ ಚರ್ಮದೊಳಗೆ ಹೋಗುವ ಜಾಗಗಳನ್ನು ತಪ್ಪದೆ ಶುಚಿ ಮಾಡಬೇಕು. ಕೆಂಪಾಗಿ, ನೀರು ಒಸರಿದರೆ ನಂಜಾಗಿದೆ ಅಂತ. ನನಗೆ ಎಲ್ಲಕ್ಕಿಂತ ಕಾಡಿದ್ದು ಬೆರಳುಗಳು: ಪಾದ ಮೇಲೆದ್ದಂತೆ ಅವು ಕೆಳಕ್ಕೆ ಮಡಚಿಕೊಳ್ಳುತ್ತವೆ. ದಿನವೂ ಕೈಯಿಂದ ನೇರ ಮಾಡುತ್ತಿರಿ. ಅಂಗಾಲು ಜೋಮು ಹಿಡಿದರೆ ತಡ ಮಾಡದೆ ಡಾಕ್ಟರಿಗೆ ತಿಳಿಸಿ, ಅವರು ವೇಗ ಇಳಿಸುತ್ತಾರೆ.

ಫಿಸಿಯೋ:
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ರಿಂಗಾ, ಕೀಲು ಕೂಡಿಸುವುದಾ ಅನ್ನುವುದು ಯಾವಾಗಲೂ ಇದೋ ಅದೋ ಅಲ್ಲ. ನಿಂತು, ಭಾರ ಹಾಕಿ ತೆಗೆದ ಎಕ್ಸ್‌ರೇಯಲ್ಲಿ ಕೀಲು ಸವೆದಿರುವುದು ಕಂಡರೆ, ರಿಂಗ್‌ನಿಂದ ನೇರ ಮಾಡಿದ ಮೇಲೂ ಕೂಡಿಸಬೇಕಾಗಬಹುದು. ಕೂಡಿಸಿದರೆ ನೋವು ಇಳಿಯುತ್ತದೆ, ಆದರೆ ಪಕ್ಕದ ಕೀಲುಗಳ ಮೇಲೆ ಭಾರ ಬಿದ್ದು ವರ್ಷಗಳಲ್ಲಿ ಅವೂ ಸವೆಯಬಹುದು. ಒಳಕ್ಕೆ ಎಳೆಯುವ ಸ್ನಾಯು ಜಾಸ್ತಿ ಬಲವಾಗಿದ್ದರೆ ಅದನ್ನೂ ಸರಿದೂಗಿಸಬೇಕು, ಇಲ್ಲದಿದ್ದರೆ ಪಾದ ಮತ್ತೆ ತಿರುಗುತ್ತದೆ. ಸಿಗರೇಟ್ ಇದ್ದರೆ ಈಗಲೇ ಬಿಡಿ. ಮೂಳೆ ಕೂಡುವುದಕ್ಕೆ ಅದು ದೊಡ್ಡ ಅಡ್ಡಿ.

ಎಡಗಾಲು:
ಇಬ್ಬರಿಗೂ ಥ್ಯಾಂಕ್ಸ್. ಅಕ್ಕಾ, ಕೊನೆಗೆ ಪಾದ ಎಲ್ಲರ ಹಾಗೆ ಆಗುತ್ತಾ?

ರಿಂಗಿನವಳು:
ಇಲ್ಲಪ್ಪ. ನನ್ನದು ಬಿಗಿಯಾಗಿದೆ, ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ. ರಿಂಗ್ ತೆಗೆದ ಮೇಲೂ ಪ್ಲಾಸ್ಟರ್, ಆಮೇಲೆ ಬ್ರೇಸ್ ಇತ್ತು. ಆದರೆ ಅಂಗಾಲು ಪೂರ್ತಿ ನೆಲಕ್ಕೆ ಊರುತ್ತದೆ, ಹುಣ್ಣು ಮತ್ತೆ ಬಂದಿಲ್ಲ, ಮಾಮೂಲಿ ಶೂ ಹಾಕುತ್ತೇನೆ. ನನಗೆ ಬೇಕಿದ್ದದ್ದು ಅದೇ. ಮೊದಲು ಆ ನಿಂತ ಎಕ್ಸ್‌ರೇ ತೆಗೆಸಿ, ಅದನ್ನು ಇಬ್ಬರು ಡಾಕ್ಟರಿಗೂ ತೋರಿಸಿ.