ಚಪ್ಪರದ ಸಂದಿಯ ಬಿಸಿಲು ಚಿತ್ರದಲ್ಲಿ ಮಂಕಾಗುವುದೇಕೆ?

ಪ್ರಶ್ನೆ:
ಶಿರಸಿ ಕಡೆಯ ನಮ್ಮ ಮನೆಯ ಅಂಗಳವನ್ನು ತೈಲವರ್ಣದಲ್ಲಿ ಬರೆಯುತ್ತಿದ್ದೇನೆ. ಮೇಲೆ ಅಡಿಕೆ ಸೋಗೆಯ ಚಪ್ಪರ, ಕೆಳಗೆ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯುವ ನಾಲ್ವರು ಹೆಂಗಸರು, ಹಿಂದೆ ಜಗಲಿಯ ಕಂಬಗಳು. ಸೋಗೆಯ ಸಂದಿಯಿಂದ ಬೀಳುವ ಬಿಸಿಲಿಗೆ ಎಷ್ಟು ಬಿಳಿ ಹಚ್ಚಿದರೂ ಸುಣ್ಣ ಸಿಡಿದಂತೆ ಕಾಣುತ್ತದೆ. ಹೆಂಗಸರೂ ನೆಲಕ್ಕೆ ಕೂಡುತ್ತಿಲ್ಲ. ಏನು ಮಾಡಲಿ?

ಉತ್ತರ 1:
ಬಿಳಿಯ ಟ್ಯೂಬನ್ನು ಸ್ವಲ್ಪ ಹೊತ್ತು ದೂರವಿಡಿ. ಬಿಸಿಲಿಗೆ ಕಾವು ಬರುವುದು ಪಕ್ಕದ ನೆರಳಿನಿಂದ. ನಿಮ್ಮ ನೆರಳು ತೀರಾ ತೆಳುವಾಗಿದೆ ಎಂದು ನನ್ನ ಅನುಮಾನ. ಕಣ್ಣು ಅರ್ಧ ಮುಚ್ಚಿ ನೋಡಿ. ಚಪ್ಪರದಡಿಯ ನೆಲ, ಸೀರೆ, ಮುಖ ಎಲ್ಲವೂ ಸೇರಿ ಒಂದೇ ಕಂದುನೀಲಿ ರಾಶಿಯಾಗುತ್ತದೆ. ಅಗಲ ಕುಂಚದಲ್ಲಿ ಮೊದಲು ಆ ರಾಶಿಯನ್ನೇ ಹಾಕಿ, ಹೆಂಗಸರನ್ನು ಬೇರ್ಪಡಿಸದೆ. ಕಪ್ಪು ಬಣ್ಣ ಬೇಡವೇ ಬೇಡ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿದರೆ ಜೀವವಿರುವ ಕತ್ತಲು ಸಿಗುತ್ತದೆ.

ಆಮೇಲೆ ಬಿಸಿಲು. ಬಿಳಿಗೆ ತುಸು ಹಳದಿ ಓಕರ್ ಸೇರಿಸಿ, ಒಂದೇ ಸಲ ದಪ್ಪಗೆ ಇಟ್ಟು ಕೈ ತೆಗೆದುಬಿಡಿ. ಮತ್ತೆ ಮತ್ತೆ ತಿಕ್ಕಿದರೆ ಕೆಳಗಿನ ಹಸಿ ನೀಲಿ ಮೇಲೆದ್ದು ಬೂದಿಯಾಗುತ್ತದೆ. ಕೆಂಪು ಸೀರೆಯ ಮೇಲಿನ ಬಿಸಿಲಿಗೆ ಬಿಳಿ ಬೆರೆಸಿದರೆ ಗುಲಾಬಿಯಾಗುತ್ತದೆ, ಅಲ್ಲಿ ಕಿತ್ತಳೆ ಬಳಸಿ.

ಫ್ರೆಂಚ್ ಚಿತ್ರಕಾರ ರೆನ್ವಾರ್ 1876ರಲ್ಲಿ ಪ್ಯಾರಿಸ್ಸಿನ ಮೋಮಾರ್ತ್ರ್‌ನಲ್ಲಿ ಬಯಲ ಕುಣಿತದ ಚಿತ್ರ ಬರೆದ. ಈಗ ಅದು ಓರ್ಸೆ ಸಂಗ್ರಹಾಲಯದಲ್ಲಿದೆ. ಮರಗಳು ಸೋಸಿ ಬಿಟ್ಟ ಬೆಳಕು ನೆಲ, ಟೋಪಿ, ಕೋಟಿನ ಬೆನ್ನು ಎಂಬ ಭೇದವಿಲ್ಲದೆ ಅದರಲ್ಲಿ ಹರಿದಿದೆ. ಅಷ್ಟು ಜನ ಆ ಜಾಗಕ್ಕೇ ಸೇರಿದವರೆನಿಸುವುದು ಅದರಿಂದಲೇ. ನನಗೆ ಅದಕ್ಕಿಂತ ದೊಡ್ಡ ಪಾಠ ಬೇರೆ ಸಿಕ್ಕಿಲ್ಲ. ನಿಮ್ಮ ನೆಲದ ಬೆಳಕೂ ಸೆರಗಿಗೆ ಹತ್ತಲಿ, ನಿರಿಗೆಯಲ್ಲಿ ಮುರಿಯಲಿ. ಸೀರೆ ನೆಲಕ್ಕೆ ತಾಗುವಲ್ಲಿ ಗೆರೆ ಎಳೆಯಬೇಡಿ. ಎರಡರ ನೆರಳೂ ಒಂದೇ ಬಣ್ಣವಾಗಿರಲಿ.

ಉತ್ತರ 2:
ಒಂದು ಮಾತು ಸೇರಿಸುತ್ತೇನೆ. ಸಂದಿ ಚಿಕ್ಕದಾಗಿದ್ದರೆ ಅದರ ಆಕಾರ ಹೇಗೇ ಇರಲಿ, ಕೆಳಗೆ ಬೀಳುವುದು ಸೂರ್ಯನ ದುಂಡನೆಯ ಬಿಂಬ. ಎಂಟಡಿ ಎತ್ತರದ ಚಪ್ಪರವಾದರೆ ಅದರ ಅಗಲ ಒಂದಂಗುಲದ ಆಸುಪಾಸು. ಹೊತ್ತು ಇಳಿದಂತೆ ಎಲ್ಲವೂ ಒಂದೇ ದಿಕ್ಕಿಗೆ ಉದ್ದವಾಗುತ್ತವೆ. ಚೌಕ, ತ್ರಿಕೋನ ಬರೆದರೆ ಕಣ್ಣು ನಂಬುವುದಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಇನ್ನೊಂದು ಸಂಶಯ: ನಾನು ನಿಂತು ಬರೆಯುತ್ತಿದ್ದೇನೆ. ಹಿಂದೆ ಕುಳಿತವರ ತಲೆಗಳನ್ನು ಎಲ್ಲಿಡಬೇಕೆಂದು ತಿಳಿಯುತ್ತಿಲ್ಲ.

ಉತ್ತರ 1:
ನೀವೂ ಅವರ ಎತ್ತರಕ್ಕೆ ಕುಳಿತುಬಿಡಿ. ಆಗ ಹತ್ತಿರದವರ ತಲೆ, ದೂರದವರ ತಲೆ ಎಲ್ಲವೂ ಹೆಚ್ಚುಕಡಿಮೆ ನಿಮ್ಮ ಕಣ್ಣಿನ ಮಟ್ಟದ ಒಂದೇ ಗೆರೆಯಲ್ಲಿ ಬರುತ್ತವೆ. ದೂರದವರ ದೇಹವಷ್ಟೇ ಗಿಡ್ಡವಾಗುತ್ತದೆ. ನಿಂತೇ ಬರೆಯುವಿರಾದರೆ ಹಿಂದಿನವರ ತಲೆ ಮುಂದಿನವರದ್ದಕ್ಕಿಂತ ಮೇಲಿರಬೇಕು. ಒಂದೂವರೆ ಗಂಟೆಯೊಳಗೆ ಬಿಸಿಲು ಸಾಕಷ್ಟು ಸರಿದಿರುತ್ತದೆ. ಬೆಳಕಿನ ಜಾಗಗಳನ್ನು ಮೊದಲೇ ಗುರುತು ಮಾಡಿಕೊಂಡು ಅದಕ್ಕೇ ಅಂಟಿಕೊಳ್ಳಿ. ನೆರಳಿನ ರಾಶಿ ಹಾಕಿ ಮುಗಿದ ಕೂಡಲೇ ಒಂದು ಫೋಟೊ ಹಾಕಿ, ಬಿಸಿಲು ಹಚ್ಚುವ ಮೊದಲೇ ನೋಡೋಣ.