ವಿಯೆಟ್ನಾಂ ಪ್ರವಾಸ: ದುಡ್ಡು ಹೇಗೆ ಒಯ್ಯೋದು, ಯಾವುದನ್ನ ಮೊದಲೇ ಬುಕ್ ಮಾಡೋದು?

ಪ್ರಶ್ನೆ (ಮೂಡಿಗೆರೆ): ಸರ್, ರೊಬಸ್ಟಾ ಕೊಯ್ಲು ಮುಗಿಸಿ ಫೆಬ್ರವರಿ ಕೊನೆಗೆ ಮನೆಯವರೆಲ್ಲ ಸೇರಿ ನಾಲ್ಕು ಜನ ವಿಯೆಟ್ನಾಂಗೆ ಹೊರಟಿದ್ದೀವಿ. ಎಂಟು ದಿನ: ಹನೋಯ್, ಹಾ ಲಾಂಗ್, ಡಾ ನಾಂಗ್. ಇಲ್ಲೇ ಡಾಂಗ್ (ವಿಯೆಟ್ನಾಂ ಹಣ) ಮಾಡಿಸಿಕೊಳ್ಳೋದಾ, ಡಾಲರ್ ಒಯ್ಯೋದಾ? ಬ್ಯಾಂಕಿನವರು ಫಾರೆಕ್ಸ್ ಕಾರ್ಡ್ (ಮೊದಲೇ ವಿದೇಶಿ ಹಣ ತುಂಬಿಸಿಡೋ ಕಾರ್ಡ್) ತಗೊಳ್ಳಿ ಅಂತಿದ್ದಾರೆ.

ಉತ್ತರ (ವಿದೇಶಿ ವಿನಿಮಯ ಕೌಂಟರ್, ಹಾಸನ): ಇಲ್ಲಿ ಡಾಂಗ್ ಕೊಳ್ಳಬೇಡಿ ಸರ್. ನಮ್ಮ ಕಡೆ ಅದರ ವಹಿವಾಟು ತೀರಾ ಕಡಿಮೆ, ಸಿಕ್ಕರೂ ದರದಲ್ಲಿ ಪೆಟ್ಟು ಬೀಳುತ್ತೆ. ಡಾಲರ್ ಒಯ್ದು ಅಲ್ಲಿನ ಬ್ಯಾಂಕಲ್ಲೋ ಲೈಸೆನ್ಸ್ ಇರೋ ವಿನಿಮಯ ಅಂಗಡೀಲೋ ಬದಲಿಸಿ. ಊಟ, ಟ್ಯಾಕ್ಸಿ, ಸಣ್ಣಪುಟ್ಟ ಟಿಕೆಟ್‌ಗೆ ನಿಮ್ಮ ನಾಲ್ಕು ಜನಕ್ಕೆ 500 ಡಾಲರ್ ನಗದು ಸಾಕು. ಹೋಟೆಲ್, ದೋಣಿ, ಒಳನಾಡಿನ ವಿಮಾನ ಎಲ್ಲ ಕಾರ್ಡಲ್ಲೇ ಮುಗಿಯುತ್ತೆ.

100 ಡಾಲರಿನ ಹೊಸ ನೋಟನ್ನೇ ಕೇಳಿ. ಸಣ್ಣ ನೋಟಿಗೆ ಅಲ್ಲಿ ದರ ಕಡಿಮೆ. ಪೆನ್ನಿನ ಗೀಟು, ಸೀಲು, ಹರಿದ ಅಂಚು ಕಂಡರೆ ಮುಟ್ಟೋದೇ ಇಲ್ಲ. ಕೌಂಟರಲ್ಲೇ ನಿಂತು ಒಂದೊಂದು ನೋಟಿನ ಎರಡೂ ಬದಿ ನೋಡಿಕೊಳ್ಳಿ, ಹಾಗೆ ನೋಡೋದು ನಿಮ್ಮ ಹಕ್ಕು. ಹಾಸನ, ಚಿಕ್ಕಮಗಳೂರಿನ ಎಲ್ಲ ಬ್ಯಾಂಕ್ ಶಾಖೆಗಳಲ್ಲೂ ಡಾಲರ್ ನೋಟು ಇರಲ್ಲ, ಹಾಗಾಗಿ ಹೊರಡೋಕೆ ಒಂದು ವಾರ ಮುಂಚೆಯೇ ಹೇಳಿಡಿ. ಪಾಸ್‌ಪೋರ್ಟ್, ಪ್ಯಾನ್, ವೀಸಾ, ಟಿಕೆಟ್ ತನ್ನಿ. 50,000 ರೂಪಾಯಿಗೆ ಒಳಗಿದ್ದರೆ ನಗದು ಕೊಡಬಹುದು, ಮೇಲಾದರೆ ಖಾತೆಯಿಂದಲೇ ಬರಬೇಕು.

ದರ ವಿಚಾರಿಸುವಾಗ "ಡಾಲರ್ ಎಷ್ಟು" ಅಂತ ಕೇಳಬೇಡಿ, "500 ಡಾಲರಿಗೆ ಎಲ್ಲ ಸೇರಿ ಎಷ್ಟು ರೂಪಾಯಿ ಕೊಡಬೇಕು" ಅಂತ ಕೇಳಿ. 90 ರೂಪಾಯಿ ಲೆಕ್ಕದಲ್ಲಿ 45,000 ಆಯ್ತು ಅಂತಿಟ್ಟುಕೊಳ್ಳಿ. ಅದರ ಶೇ 1ರ ಮೇಲೆ ಶೇ 18 ಜಿಎಸ್‌ಟಿ, ಅಂದರೆ ಬರೀ 81 ರೂಪಾಯಿ. ಬಿಲ್ಲಲ್ಲಿ ಅದಕ್ಕಿಂತ ಹೆಚ್ಚು ಕಂಡರೆ ಅದು ಅವರ ಸೇವಾ ಶುಲ್ಕ, ಚೌಕಾಸಿಗೆ ಜಾಗ ಇದೆ.

ಫಾರೆಕ್ಸ್ ಕಾರ್ಡ್ ಯುರೋಪಿಗೋ ಸಿಂಗಪುರಕ್ಕೋ ಸರಿ. ಆ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಡಾಂಗ್ ತುಂಬಿಸೋಕೆ ಬರಲ್ಲ. ಡಾಲರ್ ತುಂಬಿಸಿ ಅಲ್ಲಿ ಉಜ್ಜಿದಾಗ ಡಾಲರಿನಿಂದ ಡಾಂಗ್‌ಗೆ ಮತ್ತೊಮ್ಮೆ ಪರಿವರ್ತನೆ, ಅದಕ್ಕೆ ಶೇ 2ರಿಂದ 3.5ರವರೆಗೆ ಕತ್ತರಿ. ವಿದೇಶಿ ಮಾರ್ಕಪ್ (ಹೊರದೇಶದ ಖರ್ಚಿಗೆ ಬ್ಯಾಂಕ್ ಹಾಕೋ ಹೆಚ್ಚುವರಿ ಶುಲ್ಕ) ಇಲ್ಲದ ಡೆಬಿಟ್ ಕಾರ್ಡ್ ಇದ್ದರೆ ಅದೇ ವಾಸಿ. ಇಬ್ಬರ ಹೆಸರಲ್ಲಿ ಎರಡು ಕಾರ್ಡ್ ಇರಲಿ, ಎರಡೂ ಒಂದೇ ಪರ್ಸಲ್ಲಿ ಬೇಡ. ಕಾರ್ಡಿನ ವಿದೇಶಿ ಬಳಕೆ ಬ್ಯಾಂಕಿನಲ್ಲಿ ತಾನಾಗಿ ಆನ್ ಆಗಿರೋಲ್ಲ, ಆಪ್‌ಗೆ ಹೋಗಿ ಎಟಿಎಂ, ಅಂಗಡಿ, ಆನ್‌ಲೈನ್ ಮೂರನ್ನೂ ಬೇರೆ ಬೇರೆಯಾಗಿ ಆನ್ ಮಾಡಿ ಮಿತಿ ಹಾಕಿ. ಒಟಿಪಿ ಬರೋ ಸಿಮ್‌ಗೆ ರೋಮಿಂಗ್ ಹಾಕಿಸೋದನ್ನ ಬಹಳ ಜನ ಮರೀತಾರೆ.

ಪ್ರಶ್ನೆ (ಅರಸೀಕೆರೆ): ಮೇಡಂ, ಎಟಿಎಂ ಪರದೆ ಮೇಲೆ ರೂಪಾಯಲ್ಲೇ ಮೊತ್ತ ತೋರಿಸಿ ಒಪ್ಪಿಗೆ ಕೇಳುತ್ತಂತೆ. ಒಪ್ಪಿದ್ರೆ ನಷ್ಟಾನಾ?

ಉತ್ತರ (ಅದೇ ಕೌಂಟರ್): ನಷ್ಟ. ಆ ಪರದೆಯಲ್ಲಿ ಎರಡು ಗುಂಡಿ ಇರುತ್ತೆ: ಒಂದು ಪರಿವರ್ತನೆ ಸಮೇತ, ಇನ್ನೊಂದು ಪರಿವರ್ತನೆ ಇಲ್ಲದೆ. ಎರಡನೆಯದನ್ನೇ ಒತ್ತಿ. "ಬೇಡ" ಅಂದರೆ ವ್ಯವಹಾರ ರದ್ದಾಗುತ್ತೆ ಅನ್ನೋ ಭಯಕ್ಕೆ ಜನ ಒಪ್ಪಿಬಿಡ್ತಾರೆ. ಹಾಗೇನೂ ಆಗಲ್ಲ, ಹಣ ಬಂದೇ ಬರುತ್ತೆ, ಕಾರ್ಡ್ ಜಾಲದ (ವೀಸಾ, ಮಾಸ್ಟರ್‌ಕಾರ್ಡ್ ಥರದ ಕಂಪನಿಯ) ದರದಲ್ಲಿ. ಒಪ್ಪಿದರೆ ಆ ಯಂತ್ರದವರ ದರ. 30 ಲಕ್ಷ ಡಾಂಗ್ ಅಂದರೆ ಸುಮಾರು 10,000 ರೂಪಾಯಿ. ಅವರು ಶೇ 5 ಏರಿಸಿದ್ದರೆ ಒಂದೇ ಗುಂಡಿಗೆ 500 ರೂಪಾಯಿ ಹೋಯ್ತು. ಹೋಟೆಲಿನ ಸ್ವೈಪ್ ಯಂತ್ರಕ್ಕೂ ಇದೇ ಮಾತು: "ಡಾಂಗಲ್ಲೇ ಹಾಕಿ" ಅಂತ ಕಾರ್ಡ್ ಕೊಡೋ ಮುಂಚೆ ಹೇಳಿ, ಚೀಟಿ ನೋಡಿ ಸಹಿ ಮಾಡಿ. ಎಟಿಎಂ ಶುಲ್ಕ ಪ್ರತಿ ಸಲಕ್ಕೂ ಬೀಳೋದರಿಂದ ನಾಲ್ಕು ಸಲ ಸ್ವಲ್ಪ ಸ್ವಲ್ಪ ತೆಗೆಯೋ ಬದಲು ಒಂದೇ ಸಲ ದೊಡ್ಡ ಮೊತ್ತ ತೆಗೀರಿ. ಕ್ರೆಡಿಟ್ ಕಾರ್ಡಲ್ಲಿ ಮಾತ್ರ ನಗದು ತೆಗೀಬೇಡಿ, ಆ ದಿನದಿಂದಲೇ ಬಡ್ಡಿ.

ನೋಟಿನ ವಿಷಯ. 20,000 ಮತ್ತು 5,00,000 ಡಾಂಗ್ ಎರಡೂ ನೀಲಿ ಬಣ್ಣ, ಎರಡರಲ್ಲೂ ಅದೇ ಹೋ ಚಿ ಮಿನ್ ಮುಖ. ರಾತ್ರಿ ಟ್ಯಾಕ್ಸಿಯಲ್ಲಿ ಅದಲುಬದಲಾದರೆ 70 ರೂಪಾಯಿ ಜಾಗದಲ್ಲಿ 1,700 ಕೊಟ್ಟಂಗೆ. 5 ಲಕ್ಷದ ನೋಟನ್ನ ಪರ್ಸಿನ ಬೇರೆ ಖಾನೇಲಿ ಇಡಿ, ಕೊಡೋವಾಗ ಸೊನ್ನೆ ಎಣಿಸಿ. ಲೆಕ್ಕಕ್ಕೆ ಮೂರು ಸೊನ್ನೆ ಬಿಟ್ಟು ಮೂರೂವರೆಯಿಂದ ಗುಣಿಸಿ, ಸುಮಾರಾಗಿ ರೂಪಾಯಿ ಸಿಗುತ್ತೆ.

ಪ್ರಶ್ನೆ (ಮೂಡಿಗೆರೆ): ಹಾ ಲಾಂಗ್ ಕೊಲ್ಲಿಯ ದೋಣಿ, ಡಾ ನಾಂಗ್ ಹತ್ತಿರದ ಬಾ ನಾ ಹಿಲ್ಸ್ ಬೆಟ್ಟದ ಟಿಕೆಟ್ ಎಲ್ಲ ಇಲ್ಲಿಂದಲೇ ಬುಕ್ ಮಾಡಿಬಿಡಲಾ?

ಉತ್ತರ (ಟ್ರಾವೆಲ್ ಏಜೆಂಟ್, ಚಿಕ್ಕಮಗಳೂರು): ದೋಣೀನ ಮಾಡಿ ಅಣ್ಣ, ಬಾ ನಾ ಹಿಲ್ಸ್ ಬೇಡ.

ರಾತ್ರಿ ತಂಗೋ ದೋಣಿಗಳಲ್ಲಿ ಒಳ್ಳೆ ಕೋಣೆ ಬೇಗ ತುಂಬುತ್ತೆ, ಅದಕ್ಕೆ ಮೊದಲೇ ಬೇಕು. ಆದರೆ ಫೆಬ್ರವರಿ, ಮಾರ್ಚಲ್ಲಿ ಅಲ್ಲಿ ಸೋನೆ ಮಳೆ, ಮಂಜು. ಮಂಜು ದಟ್ಟವಾದರೆ ಬಂದರಿನವರು ದೋಣಿ ಬಿಡೋಲ್ಲ. ಆಗ ಪೂರ್ತಿ ಹಣ ವಾಪಸ್ಸೋ, ಬೇರೆ ದಿನ ಕೊಡ್ತಾರೋ ಅನ್ನೋದನ್ನ ಬರಹದಲ್ಲಿ ತಗೊಳ್ಳಿ. ದೋಣೀನ ಪ್ರವಾಸದ ಎರಡನೇ ಮೂರನೇ ದಿನಕ್ಕೇ ಹಾಕಿ, ತಪ್ಪಿದರೆ ಮುಂದೆ ತಳ್ಳೋಕೆ ದಿನ ಉಳಿದಿರುತ್ತೆ. ದೋಣಿ ಇಳಿದ ದಿನವೇ ಡಾ ನಾಂಗ್ ವಿಮಾನ ಇಟ್ಟುಕೊಳ್ಳಲೇಬೇಡಿ. ಹನೋಯ್‌ನಿಂದ ಬಂದರಿಗೆ ಎರಡೂವರೆ ಗಂಟೆ ದಾರಿ, ಆ ಬಸ್ಸಿನ ದುಡ್ಡು ದರದಲ್ಲಿ ಸೇರಿದೆಯಾ ಕೇಳಿ. ದರದ ಮುಂದೆ ಎರಡು ಪ್ಲಸ್ ಗುರುತು ಇದ್ದರೆ ಸೇವಾ ಶುಲ್ಕ, ತೆರಿಗೆ ಬೇರೆ ಅಂತ ಅರ್ಥ. 2025ರ ಜುಲೈನಲ್ಲಿ ಅಲ್ಲಿ ಬಿರುಗಾಳಿಗೆ ಪ್ರವಾಸಿ ದೋಣಿ ಮಗುಚಿ ಹಲವರು ಜೀವ ಕಳಕೊಂಡರು. ಲೈಫ್ ಜಾಕೆಟ್ ಎಲ್ಲಿದೆ ಅಂತ ಹತ್ತಿದ ತಕ್ಷಣ ನೋಡಿಕೊಳ್ಳಿ, ಮಕ್ಕಳ ಅಳತೆಯದು ಕೇಳಿ ಪಡೀರಿ.

ಬಾ ನಾ ಹಿಲ್ಸಿನ ಗೋಲ್ಡನ್ ಬ್ರಿಡ್ಜ್ ಸಾವಿರ ಮೀಟರಿಗೂ ಮೇಲಿದೆ. ಕೆಳಗೆ ಬಿಸಿಲು, ಮೇಲೆ ನಮ್ಮ ಮುಳ್ಳಯ್ಯನಗಿರಿ ಥರಾನೇ ಏನೂ ಕಾಣದ ಮಂಜು. ಡಾ ನಾಂಗ್ ತಲುಪಿ, ಹಿಂದಿನ ಸಂಜೆ ಹವಾಮಾನ ನೋಡಿ ಫೋನಲ್ಲೇ ಟಿಕೆಟ್ ತಗೊಳ್ಳಿ.

ಸಸ್ಯಾಹಾರಿಗಳಿದ್ದರೆ ಬುಕಿಂಗ್ ಜತೆಗೇ "ಆನ್ ಚಾಯ್ (ಅಲ್ಲಿನ ಭಾಷೇಲಿ ಸಸ್ಯಾಹಾರ), ಮೀನಿನ ಸಾಸ್ ಬೇಡ" ಅಂತ ಬರೆಸಿ. ಬರೀ ತರಕಾರಿ ಅಂದರೆ ಮೀನಿನ ಸಾಸಲ್ಲೇ ಹುರಿದ ತರಕಾರಿ ಬರಬಹುದು.

ವೀಸಾ ಮರೀಬೇಡಿ. ಸರ್ಕಾರದ ಇ-ವೀಸಾ ಒಂದು ಸಲದ ಪ್ರವೇಶಕ್ಕೆ 25 ಡಾಲರ್. ಅದಕ್ಕಿಂತ ಜಾಸ್ತಿ ಕೇಳುತ್ತಿದ್ದರೆ ಅದು ಮಧ್ಯವರ್ತಿಗಳ ತಾಣ. ಹೆಸರು ಪಾಸ್‌ಪೋರ್ಟಿನ ಅಕ್ಷರಕ್ಕೆ ಅಕ್ಷರ ಹೊಂದಲಿ, ತಪ್ಪಾದರೆ ಕಟ್ಟಿದ ದುಡ್ಡು ವಾಪಸ್ ಬರಲ್ಲ. ಟೆಟ್ ಹಬ್ಬ (ವಿಯೆಟ್ನಾಂನ ಹೊಸ ವರ್ಷ) ಜನವರಿ ಕೊನೆಯಿಂದ ಫೆಬ್ರವರಿ ನಡುವೆ ಬರುತ್ತೆ, ಆಗ ಕಚೇರಿಗಳು ಮುಚ್ಚಿರ್ತವೆ. ನೀವು ಫೆಬ್ರವರಿ ಕೊನೆಗೆ ಹೊರಡೋರು, ಅರ್ಜಿ ಜನವರಿ ಮೊದಲ ವಾರವೇ ಹೋಗಲಿ.

ಪ್ರಶ್ನೆ (ಸಕಲೇಶಪುರ): ಪ್ಯಾಕೇಜ್ ತಗೊಂಡ್ರೆ ಟಿಸಿಎಸ್ (ಪ್ಯಾಕೇಜ್ ಮಾರೋರು ಮುಂಗಡವಾಗಿ ಹಿಡಿಯೋ ತೆರಿಗೆ) ಹಿಡೀತಾರಲ್ಲ, ಅದು ಹೋದಂಗೇನಾ? ಉಳಿದ ಡಾಲರ್ ಏನು ಮಾಡೋದು?

ಉತ್ತರ (ವಿದೇಶಿ ವಿನಿಮಯ ಕೌಂಟರ್, ಹಾಸನ): ಹೋಗಲ್ಲ. ಅದು ದುಡ್ಡು ಕೊಟ್ಟವರ ಪ್ಯಾನ್‌ಗೆ ಜಮಾ ಆಗಿ ಆದಾಯ ತೆರಿಗೆ ಇಲಾಖೆಯ ತೆರಿಗೆ ಜಮಾ ಪಟ್ಟೀಲಿ ಕಾಣುತ್ತೆ. ತೋಟದ ಆದಾಯ ಮಾತ್ರ ಅಂತ ರಿಟರ್ನ್ ಹಾಕದವರೂ ಅದು ವಾಪಸ್ ಬೇಕಾದರೆ ರಿಟರ್ನ್ ಹಾಕಲೇಬೇಕು. ಹಾಗಾಗಿ ಮನೇಲಿ ಯಾರು ಪ್ರತಿ ವರ್ಷ ರಿಟರ್ನ್ ಹಾಕ್ತಾರೋ ಅವರ ಖಾತೆಯಿಂದಲೇ ಪ್ಯಾಕೇಜಿನ ಹಣ ಕಟ್ಟಿ.

ಡಾಲರ್ 2,000ದವರೆಗೆ ಮುಂದಿನ ಪ್ರವಾಸಕ್ಕೆ ಇಟ್ಟುಕೊಳ್ಳಬಹುದು, ಅದಕ್ಕೆ ಮೇಲ್ಪಟ್ಟದ್ದನ್ನ ಬಂದ 180 ದಿನದೊಳಗೆ ಮಾರಬೇಕು. ಡಾಂಗ್ ಮಾತ್ರ ಉಳಿಸಿಕೊಂಡು ಬರಬೇಡಿ, ನಮ್ಮ ಊರಲ್ಲಿ ಅದನ್ನ ಕೊಳ್ಳೋರಿಲ್ಲ. ಕೊನೆಯ ಹೋಟೆಲ್ ಬಿಲ್ಲಿಗೆ ಉಳಿದ ನೋಟೆಲ್ಲ ಕೊಟ್ಟು ಬಾಕಿ ಕಾರ್ಡಲ್ಲಿ ಕಟ್ಟಿ.