ಪ್ಯೂರಿಟನ್ನರನ್ನು ‘ಮಡಿವಂತರು’ ಅನ್ನಬಹುದೇ?

ಗೆಳೆಯರೇ,

ಅಮೆರಿಕದ ಶುರುವಿನ ವಸಾಹತುಗಳ ಬಗ್ಗೆ ಹೈಸ್ಕೂಲ್ ಮಕ್ಕಳಿಗಾಗಿ ಒಂದು ಪಾಠ ಬರೆಯುತ್ತಿದ್ದೇನೆ. ಇಂಗ್ಲೆಂಡಿನಿಂದ ಅಲ್ಲಿಗೆ ಹೋಗಿ ನೆಲೆಸಿದ ಎರಡು ಕ್ರೈಸ್ತ ಗುಂಪುಗಳ ಹೆಸರು, ಪ್ಯೂರಿಟನ್, ಪಿಲ್‌ಗ್ರಿಮ್, ಎರಡನ್ನೂ ಕನ್ನಡಕ್ಕೆ ತರುವುದು ಕಾಡುತ್ತಿದೆ. ಒಂದಕ್ಕೆ ‘ಮಡಿವಂತರು’, ಇನ್ನೊಂದಕ್ಕೆ ‘ಯಾತ್ರಿಕರು’ ಅಂತ ಸಲಹೆ ಬಂತು. ಎರಡೂ ಒಗ್ಗುತ್ತಿಲ್ಲ.

ಮಡಿ ಅಂದರೆ ನಮ್ಮಲ್ಲಿ ಆಚಾರ ಜಾಸ್ತಿ, ಅಲ್ವಾ? ಒದ್ದೆ ಬಟ್ಟೆ, ಮುಟ್ಟಬೇಡ, ಒಳಗೆ ಬರಬೇಡ. ಪ್ಯೂರಿಟನ್ನರ ಹಟ ಇದಕ್ಕೆ ಪೂರಾ ಉಲ್ಟಾ. ಇಂಗ್ಲೆಂಡಿನ ಚರ್ಚಿನಲ್ಲಿ ಆಚಾರವೇ ಅತಿಯಾಯಿತು ಅನ್ನುವುದು ಅವರ ತಕರಾರು. ಪಾದ್ರಿಗೆ ವಿಶೇಷ ಉಡುಪು ಬೇಡ, ದೀಕ್ಷಾಸ್ನಾನದಲ್ಲಿ ಶಿಲುಬೆಯ ಗುರುತು ಬೇಡ, ಬೈಬಲಿನಲ್ಲಿ ಇಲ್ಲದ ಹಬ್ಬವೂ ಬೇಡ. 1630ರಲ್ಲಿ ಜಾನ್ ವಿನ್‌ತ್ರಾಪ್ ಜೊತೆ ಬಂದು ಬಾಸ್ಟನ್ ಕಟ್ಟಿದವರು ಇವರೇ. ಇವರ ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಕ್ರಿಸ್‌ಮಸ್ ಆಚರಿಸಿದರೆ ಐದು ಶಿಲ್ಲಿಂಗ್ ದಂಡ! ಇಂಥವರನ್ನು ಮಡಿವಂತರು ಅಂದರೆ ಮಕ್ಕಳ ತಲೆಯಲ್ಲಿ ತಪ್ಪು ಚಿತ್ರ ಕೂರುತ್ತದೆ.

ಬೇರೆ ನಂಬಿಕೆಯವರನ್ನು ದೂರ ಇಡುವ ವಿಷಯದಲ್ಲಿ ಮಾತ್ರ ಪದ ಸ್ವಲ್ಪ ಹೊಂದುತ್ತದೆ. ತಮ್ಮ ಮಾತಿಗೆ ಒಪ್ಪದ ಪಾದ್ರಿ ರೋಜರ್ ವಿಲಿಯಮ್ಸ್‌ಗೆ ಗಡೀಪಾರು ವಿಧಿಸಿದರು. ಆತ 1636ರಲ್ಲಿ ಪ್ರಾವಿಡೆನ್ಸ್ ಅನ್ನುವ ಊರು ಕಟ್ಟಿದ. ಕ್ವೇಕರ್ ಅನ್ನುವ ಇನ್ನೊಂದು ಕ್ರೈಸ್ತ ಪಂಥದ ಮೇರಿ ಡೈಯರ್ ಅನ್ನುವ ಹೆಂಗಸನ್ನು 1660ರಲ್ಲಿ ಬಾಸ್ಟನ್‌ನಲ್ಲಿ ನೇಣಿಗೇರಿಸಿದರು. ಇದನ್ನು ಮಡಿವಂತಿಕೆ ಅಂದರೆ ತೀರಾ ಮೆದುವಾಯಿತು.

ಪಿಲ್‌ಗ್ರಿಮ್‌ಗಳ ಕತೆ ಬೇರೆ. ಪ್ಯೂರಿಟನ್ನರು ಚರ್ಚಿನೊಳಗೇ ಇದ್ದು ಅದನ್ನು ಸರಿಮಾಡಲು ಹೊರಟವರು. ಪಿಲ್‌ಗ್ರಿಮ್‌ಗಳು ಚರ್ಚನ್ನೇ ಬಿಟ್ಟವರು. ಹತ್ತು ವರ್ಷಕ್ಕೂ ಜಾಸ್ತಿ ಹಾಲೆಂಡಿನಲ್ಲಿದ್ದು, 1620ರಲ್ಲಿ ಮೇಫ್ಲವರ್ ಹಡಗು ಹತ್ತಿದರು. ಹಡಗಿನಲ್ಲಿದ್ದ 102 ಪ್ರಯಾಣಿಕರಲ್ಲಿ ಈ ಪಂಥದವರು ಅರ್ಧದಷ್ಟೂ ಇರಲಿಲ್ಲ. ಮಿಕ್ಕವರಲ್ಲಿ ಹೆಚ್ಚಿನವರು ಬದುಕು ಅರಸಿ ಬಂದವರು. ಹಾಗಾಗಿ ಎಲ್ಲರಿಗೂ ಒಂದೇ ಹಣೆಪಟ್ಟಿ ಹಚ್ಚುವುದೂ ಕಷ್ಟ.

ಇನ್ನು ‘ಯಾತ್ರಿಕ’. ಕಾಶಿಗೆ ಹೋದವನು ಗಂಗೆಯ ತಂಬಿಗೆ ಹಿಡಿದು ಊರಿಗೆ ವಾಪಸ್ ಬರುತ್ತಾನೆ. ಇವರು ಹೆಂಡತಿ ಮಕ್ಕಳ ಸಮೇತ ನೆಲೆಯೂರಲು ಹೋದವರು. ಅವರು ನೆಲೆಯೂರಿದ ಪ್ಲಿಮತ್‌ನ ಮೊದಲ ಚಳಿಗಾಲದಲ್ಲೇ ಸುಮಾರು ಅರ್ಧ ಜನ ತೀರಿಕೊಂಡರು. ಆದರೂ 1621ರ ಏಪ್ರಿಲ್‌ನಲ್ಲಿ ಹಡಗು ಇಂಗ್ಲೆಂಡಿಗೆ ಹೊರಟಾಗ ಈ ಪಂಥದವರು ಹತ್ತಲಿಲ್ಲ.

‘ಪ್ರತ್ಯೇಕತಾವಾದಿ’ ಅನ್ನೋಣವೆಂದರೆ ಪತ್ರಿಕೆಗಳು ಅದರ ಕೈಗೆ ಬಂದೂಕು ಕೊಟ್ಟುಬಿಟ್ಟಿವೆ. ಸದ್ಯಕ್ಕೆ ‘ಪ್ಯೂರಿಟನ್ನರು’ ಅಂತಲೇ ಇಟ್ಟು, ಪಿಲ್‌ಗ್ರಿಮ್‌ಗಳಿಗೆ ‘ಚರ್ಚು ತೊರೆದವರು’ ಅಂತ ಬರೆದಿದ್ದೇನೆ.

ಒಂದು ಕೇಳಿಕೆ. ಪ್ಲಿಮತ್‌ನ ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್ ಪಿಲ್‌ಗ್ರಿಮ್ ಪದ ಬಳಸಿದ್ದು ಬೈಬಲಿನ ಇಬ್ರಿಯರಿಗೆ ಬರೆದ ಪತ್ರಿಕೆಯ 11ನೇ ಅಧ್ಯಾಯವನ್ನು ನೆನೆದು. ಭೂಮಿಯ ಮೇಲೆ ತಾವು ಪರಕೀಯರು ಅಂತ ಒಪ್ಪಿಕೊಂಡವರ ಮಾತು ಅಲ್ಲಿ ಬರುತ್ತದೆ. ಹಳೆಯ ಕನ್ನಡ ಬೈಬಲ್ ಮನೆಯಲ್ಲಿರುವವರು ಆ 13ನೇ ವಚನದ ಪದಗಳನ್ನು ಹಾಗೇ ಇಲ್ಲಿ ಹಾಕುತ್ತೀರಾ? ಬಾಸೆಲ್ ಮಿಷನ್ ಕಾಲದ ಪ್ರತಿ ಇದ್ದರಂತೂ ಇನ್ನೂ ಒಳ್ಳೆಯದು.